ಇಲ್ಲವೆಂದಿದ್ದ ಗ್ರಂಥಿ ಬೀಗಿದಾಗ: ಅಯೋಡೈಡ್ ಸಾಗಣೆ ದೋಷದ ಒಂದು ಪ್ರಕರಣ

ಹುಡುಗಿಯ ಕತ್ತಿಗೆ ಅಜ್ಜಿ ಕಟ್ಟಿದ್ದ ಕರಿನೂಲನ್ನು ಒಂದೇ ವರ್ಷದಲ್ಲಿ ಎರಡು ಸಲ ಸಡಿಲಿಸಬೇಕಾಗಿ ಬಂದಿತ್ತು. ಆಟಿ ಕಳೆದು ಸೋಣ ತಿಂಗಳು ಹಿಡಿದಿದ್ದ ಒಂದು ಬೆಳಿಗ್ಗೆ ಅವಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಾಗ ಅಜ್ಜಿ ಮೊದಲು ತೋರಿಸಿದ್ದು ಆ ನೂಲನ್ನು ಮತ್ತು ಅದು ಚರ್ಮದ ಮೇಲೆ ಮೂಡಿಸಿದ್ದ ಗೆರೆಯನ್ನು. ತಾಯಿಯ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ವರ್ಷ ಹಳೆಯ ಸ್ಕ್ಯಾನ್ ವರದಿಯೊಂದಿತ್ತು. ಮಗುವಿಗೆ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಇಲ್ಲ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಆ ಸಾಲನ್ನು ಕನ್ನಡದಲ್ಲಿ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಮೊಮ್ಮಗಳ ಕತ್ತನ್ನೇ ನೋಡಿ, "ಇಲ್ಲದ್ದು ಬೀಗುವುದುಂಟಾ ಡಾಕ್ಟ್ರೇ?" ಎಂದು ಕೇಳಿದರು.

ಇಡೀ ಪ್ರಕರಣ ಆ ಪ್ರಶ್ನೆಯಲ್ಲೇ ಇತ್ತು. ಹುಡುಗಿಗೆ ಆಗ ಎಂಟು ವರ್ಷ. ಕಾಸರಗೋಡಿನ ಒಳನಾಡಿನಲ್ಲಿ ಅಡಿಕೆ ತೋಟ, ಗೇರುಗುಡ್ಡಗಳ ನಡುವಿನ ಮನೆ. ತಂದೆತಾಯಿ ಸೋದರ ಸಂಬಂಧದಲ್ಲಿ ಮದುವೆಯಾದವರು, ತಾಯಿ ತಂದೆಯ ಸೋದರಮಾವನ ಮಗಳು. ಹೆಸರನ್ನೂ ಊರನ್ನೂ ಇಲ್ಲಿ ಬಿಟ್ಟಿದ್ದೇನೆ. ಕಾಯಿಲೆಯ ವಿವರಗಳನ್ನು ಬರೆಯುತ್ತಿರುವುದು ಹೆತ್ತವರ ಒಪ್ಪಿಗೆಯಿಂದ.

ಹಿಂದಿನ ವೃತ್ತಾಂತವನ್ನು ಕೇಳಿದಾಗ ತಿಳಿದದ್ದು ಇಷ್ಟು. ಮಗು ತಿಂಗಳು ತುಂಬಿ ಹುಟ್ಟಿತ್ತು. ಕಣ್ಣಿನ ಹಳದಿ ಮೂರು ವಾರ ಕಳೆದರೂ ಹೋಗಿರಲಿಲ್ಲ, ಮಲಬದ್ಧತೆ ಇತ್ತು, ಹಾಲು ಕುಡಿಯುವಾಗಲೇ ನಿದ್ದೆಗೆ ಜಾರುತ್ತಿತ್ತು. ಅಳುವುದು ಅಪರೂಪವಾದ್ದರಿಂದ "ಪಾಪದ ಮಗು" ಎಂದು ಮನೆಯವರೆಲ್ಲ ಮೆಚ್ಚಿಕೊಂಡಿದ್ದರು. ಹುಟ್ಟಿದ ಆಸ್ಪತ್ರೆಯಲ್ಲಿ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿ.ಎಸ್.ಎಚ್. ಎಂಬ ಹಾರ್ಮೋನಿನ ಮಟ್ಟ ನೋಡುವ ಪರೀಕ್ಷೆ ನಡೆದಿರಲಿಲ್ಲ. ಕೂತದ್ದು ಹತ್ತನೆಯ ತಿಂಗಳಲ್ಲಿ, ನಡೆದದ್ದು ಎರಡು ವರ್ಷ ತುಂಬುವ ಹೊತ್ತಿಗೆ, ಮಾತು ಬಂದದ್ದು ಅದಕ್ಕೂ ತಡವಾಗಿ.

ಇಲ್ಲಿ ನಮ್ಮ ಊರಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2000ನೇ ಇಸವಿಯವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಗಿತ್ತು. ಅದರ ಸಂಕಟವನ್ನು ಹೊತ್ತ ಮನೆಗಳು ಇಂದಿಗೂ ನಮ್ಮ ಸುತ್ತ ಇವೆ. ಸುಪ್ರೀಂ ಕೋರ್ಟ್ 2011ರಲ್ಲಿ ಆ ವಿಷವನ್ನು ತಡೆದದ್ದೂ ಈ ಮನೆಗಳವರ ಹೋರಾಟ ದೇಶಕ್ಕೆ ಕೇಳಿಸಿದ ಮೇಲೆ. ಹಾಗಾಗಿ ಇಲ್ಲಿ ಮಗುವೊಂದು ನಿಧಾನವಾಗಿ ಬೆಳೆದರೆ ಎಲ್ಲರ ಮನಸ್ಸಿಗೆ ಮೊದಲು ಬರುವುದು ಅದೇ, ಮತ್ತು ಹಾಗೆ ಬರುವುದು ತಪ್ಪೂ ಅಲ್ಲ. ಆದರೆ ಸಿಂಪಡಣೆ ನಿಂತು ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಈ ಹುಡುಗಿಯ ವಿಷಯದಲ್ಲೂ ಬಂಧುಗಳು, ನೆರೆಯವರು, ಅವಳನ್ನು ನೋಡಿದ ವೈದ್ಯರೊಬ್ಬರು ಕೂಡ ಅದನ್ನೇ ಕಾರಣವೆಂದು ನಂಬಿ ಕೂತದ್ದರಿಂದ, ಒಂದು ಹನಿ ರಕ್ತದಲ್ಲಿ ತಿಳಿಯಬಹುದಾಗಿದ್ದ ಸಂಗತಿ ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಅತ್ಯಂತ ಅಗತ್ಯವಾಗಿರುವುದು ಮೊದಲ ಮೂರು ವರ್ಷಗಳಲ್ಲಿ. ಅವೇ ವರ್ಷಗಳು ಕಳೆದುಹೋದುದು ನನಗೆ ಈಗಲೂ ನೋವಿನ ವಿಷಯ.

ನಾಲ್ಕನೆಯ ವರ್ಷದಲ್ಲಿ ಟಿ.ಎಸ್.ಎಚ್. ಸಹಜ ಮಟ್ಟವನ್ನು ಬಹಳ ಮೀರಿ ನೂರಕ್ಕೂ ಮೇಲೆ ಇರುವುದು ಗೊತ್ತಾಯಿತು. ಔಷಧ ಶುರುಮಾಡುವ ಮೊದಲು, ವಿಕಿರಣಶೀಲ ಟೆಕ್ನೀಷಿಯಂ ಚುಚ್ಚಿ ಗ್ರಂಥಿಯ ಚಿತ್ರ ತೆಗೆಯುವ ಸ್ಕ್ಯಾನ್ ಮಾಡಿಸಲಾಯಿತು, ಕತ್ತಿನ ಜಾಗ ಖಾಲಿಯಾಗಿ ಕಂಡಿತು, ಗ್ರಂಥಿಯೇ ಇಲ್ಲವೆಂದು ಬರೆಯಲಾಯಿತು. ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಮಾತ್ರೆ ಕೊಟ್ಟರು. ಮಗು ಚುರುಕಾಯಿತು, ಚುರುಕಾದದ್ದನ್ನು ಕಂಡ ಮನೆಯವರು ಗುಣವಾಯಿತೆಂದು ತಿಳಿದರು, ಮಳೆಗಾಲದಲ್ಲಿ ಮಾತ್ರೆ ಮುಗಿದಾಗ ಪೇಟೆಗೆ ಹೋಗುವುದು ತಪ್ಪಿತು. ಮುಂದೆ ಮಾತ್ರೆ ಬಿಟ್ಟು ಬಿಟ್ಟು ನಡೆದು, ನನ್ನಲ್ಲಿಗೆ ಬರುವ ಏಳೆಂಟು ತಿಂಗಳ ಮೊದಲು ಪೂರ್ತಿ ನಿಂತಿತ್ತು.

ನಾನು ನೋಡಿದಾಗ ಅವಳ ಎತ್ತರ 106 ಸೆಂ.ಮೀ., ಅಂದರೆ ಐದು ವರ್ಷದ ಮಗುವಿನಷ್ಟು. ತೂಕ 21 ಕಿಲೋ. ಒಣಗಿದ ಚರ್ಮ, ತುಸು ದಪ್ಪನೆಯ ನಾಲಿಗೆ, ನಿಧಾನವಾದ ನಾಡಿ. ಕತ್ತಿನ ಮುಂಭಾಗದಲ್ಲಿ ಎರಡೂ ಬದಿಗೆ ಸಮನಾಗಿ ಹರಡಿದ್ದ ಮೆತ್ತನೆಯ ಊತ, ನೀರು ನುಂಗಿಸಿದಾಗ ಮೇಲೇರಿ ಇಳಿಯುತ್ತಿತ್ತು. ಥೈರಾಯ್ಡಿನ ಊತವಲ್ಲದೆ ಬೇರೆ ಯಾವುದೂ ಸಾಮಾನ್ಯವಾಗಿ ಹಾಗೆ ಚಲಿಸುವುದಿಲ್ಲ. ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಈ ವಿವರಕ್ಕೆ ಮುಂದೆ ಬೆಲೆ ಬರುತ್ತದೆ.

ಅಲ್ಟ್ರಾಸೌಂಡಿನಲ್ಲಿ ಗ್ರಂಥಿ ತನ್ನ ಜಾಗದಲ್ಲೇ ಇತ್ತು. ಆ ವಯಸ್ಸಿಗೆ ಸುಮಾರು 4 ಮಿ.ಲೀ. ಮೀರಬಾರದ ಗ್ರಂಥಿಯ ಗಾತ್ರ 19 ಮಿ.ಲೀ. ಆಗಿತ್ತು. ಟಿ.ಎಸ್.ಎಚ್. ಮತ್ತೆ ನೂರರ ಮೇಲೆ, ಥೈರಾಕ್ಸಿನ್ ತೀರಾ ಕೆಳಗೆ. ಥೈರಾಯ್ಡ್ ಜೀವಕೋಶಗಳು ಮಾತ್ರ ತಯಾರಿಸುವ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನು ರಕ್ತದಲ್ಲಿ ಹಲವು ಪಟ್ಟು ಹೆಚ್ಚಿತ್ತು. ಗ್ರಂಥಿಯೇ ಇಲ್ಲದ ಮಗುವಿನಲ್ಲಿ ಅದು ಇರುವಂತೆಯೇ ಇಲ್ಲ. ದೇಹ ತನ್ನ ಗ್ರಂಥಿಯ ಮೇಲೆ ತಾನೇ ದಾಳಿ ಮಾಡುವಾಗ ಕಾಣುವ ಪ್ರತಿಕಾಯಗಳೂ ಇರಲಿಲ್ಲ. ಹಾಗಾದರೆ ಸ್ಕ್ಯಾನ್ ಏಕೆ ಗ್ರಂಥಿಯನ್ನು ಕಾಣಲಿಲ್ಲ?

ಉತ್ತರಕ್ಕೆ ಥೈರಾಯ್ಡ್ ಜೀವಕೋಶ ಅಯೋಡೈಡನ್ನು ಒಳಗೆ ತರುವ ಬಗೆಯನ್ನು ತಿಳಿಯಬೇಕು. ನಾವು ಉಪ್ಪಿನಲ್ಲಿ, ಮೀನಿನಲ್ಲಿ, ಹಾಲಿನಲ್ಲಿ ತಿನ್ನುವ ಅಯೋಡಿನ್ ಹೊಟ್ಟೆಯಿಂದ ರಕ್ತಕ್ಕೆ ಅಯೋಡೈಡ್ ರೂಪದಲ್ಲಿ ಸೇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಈ ಹುಡುಗಿಯ ವಯಸ್ಸಿಗೆ 120; ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ನೂರಿಪ್ಪತ್ತು ಪಾಲು. ಅಷ್ಟು ವಿರಳವಾದ ವಸ್ತುವನ್ನು ರಕ್ತದಿಂದ ಹೆಕ್ಕಿ, ರಕ್ತದಲ್ಲಿರುವುದಕ್ಕಿಂತ ಇಪ್ಪತ್ತರಿಂದ ನಲವತ್ತು ಪಟ್ಟು ಸಾಂದ್ರವಾಗಿ ಜೀವಕೋಶ ತನ್ನೊಳಗೆ ಕೂಡಿಡಬೇಕು. ಅಯೋಡೈಡಿನದು ಋಣ ವಿದ್ಯುದಂಶ, ಜೀವಕೋಶದ ಒಳಮೈಯೂ ಋಣ. ಆದ್ದರಿಂದ ಅದು ತಾನಾಗಿ ಒಳಗೆ ಬರುವಂತಿಲ್ಲ. ಯಾರಾದರೂ ಎತ್ತಿ ಹಾಕಬೇಕು.

ಎತ್ತಿ ಹಾಕುವ ಆ ಪ್ರೋಟೀನಿಗೆ ಸೋಡಿಯಂ-ಅಯೋಡೈಡ್ ಸಹಸಾಗಣೆದಾರ, ಚಿಕ್ಕದಾಗಿ ಎನ್.ಐ.ಎಸ್. ಎಂದು ಹೆಸರು. ನಮ್ಮ ಹಿರಿಯರು ಅಡಿಕೆ ತೋಟಕ್ಕೆ ನೀರೆತ್ತುತ್ತಿದ್ದ ಏತವನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಏತದ ಒಂದು ತುದಿಯಲ್ಲಿ ಕಲ್ಲಿನ ಭಾರ, ಇನ್ನೊಂದು ತುದಿಯಲ್ಲಿ ನೀರಿನ ಮರಿಗೆ. ಕಲ್ಲು ಕೆಳಗಿಳಿಯುವ ಬಲದಿಂದಲೇ ಮರಿಗೆ ಮೇಲೇರುತ್ತದೆ. ಇಲ್ಲಿ ಕಲ್ಲಿನ ಕೆಲಸ ಮಾಡುವುದು ಸೋಡಿಯಂ. ಜೀವಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಒಳಕ್ಕೆ ಇಳಿಯಲು ಅದು ಸದಾ ಸಿದ್ಧ. ಎರಡು ಸೋಡಿಯಂ ಅಯಾನುಗಳು ಒಳಗಿಳಿಯುವಾಗ ಒಂದು ಅಯೋಡೈಡನ್ನು ಎನ್.ಐ.ಎಸ್. ಜೊತೆಯಲ್ಲೇ ಒಳಗೆ ತರುತ್ತದೆ. ಇಳಿದ ಸೋಡಿಯಂ ಒಳಗೇ ತುಂಬಿಕೊಂಡರೆ ಏತ ನಿಂತುಹೋಗುತ್ತದೆ; ಹಾಗಾಗದಂತೆ ಜೀವಕೋಶದ ಇನ್ನೊಂದು ಪಂಪು ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯವನ್ನು ವ್ಯಯಿಸಿ, ಮೂರು ಸೋಡಿಯಂಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂಗಳನ್ನು ಒಳಗೆ ತರುತ್ತಲೇ ಇರುತ್ತದೆ. ಒಟ್ಟಿನಲ್ಲಿ ಅಯೋಡೈಡನ್ನು ತರಲು ಜೀವಕೋಶ ಬೆಲೆ ತೆರುತ್ತದೆ, ಆದರೆ ಆ ಬೆಲೆ ಸಂದಾಯವಾಗುವುದು ಸೋಡಿಯಂ ಪಂಪಿನ ಕಡೆಯಲ್ಲಿ.

ಈ ಏತ ಇರುವುದು ಜೀವಕೋಶದ ರಕ್ತದ ಕಡೆಯ ಗೋಡೆಯಲ್ಲಿ ಮಾತ್ರ. ಒಳಗೆ ಬಂದ ಅಯೋಡೈಡ್ ಎದುರು ಬದಿಯ ಗೋಡೆಯವರೆಗೆ ಹೋಗಿ, ಅಲ್ಲಿ ಪೆಂಡ್ರಿನ್ ಮುಂತಾದ ಬೇರೆ ದಾರಿಗಳ ಮೂಲಕ ಕೊಲಾಯ್ಡ್ ಎಂಬ ಅಂಟುದ್ರವ ತುಂಬಿದ ಕೋಶಕದ ಕಡೆಗೆ ದಾಟುತ್ತದೆ. ಆ ಅಂಚಿನಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ನೆರವಿನಿಂದ ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವ ಅದನ್ನು ಥೈರೋಗ್ಲೋಬ್ಯುಲಿನ್ನಿನ ಟೈರೋಸಿನ್ ತುಣುಕುಗಳಿಗೆ ಅಂಟಿಸುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳಿರುವುದು ಥೈರಾಕ್ಸಿನ್, ಮೂರಿರುವುದು ಟಿ-3 ಎಂಬ ಇನ್ನೊಂದು ಥೈರಾಯ್ಡ್ ಹಾರ್ಮೋನು. ಪೆಂಡ್ರಿನ್ ಕೆಟ್ಟಿರುವ ಮಕ್ಕಳಲ್ಲಿ ಊತದ ಜೊತೆಗೆ ಕಿವುಡುತನವೂ ಸಾಮಾನ್ಯವಾಗಿ ಇರುತ್ತದೆ. ಈ ಹುಡುಗಿಯ ಕಿವಿ ಚೆನ್ನಾಗಿದ್ದುದಕ್ಕೆ ಬೆಲೆ ಬಂದದ್ದು ಇಲ್ಲಿ. ಪೆಂಡ್ರಿನ್ ಅಥವಾ ಪೆರಾಕ್ಸಿಡೇಸ್ ಕೆಟ್ಟಿದ್ದರೂ ಏತ ಕೆಲಸ ಮಾಡುತ್ತಲೇ ಇರುತ್ತದೆ, ಸ್ಕ್ಯಾನಿನಲ್ಲಿ ಗ್ರಂಥಿ ಬೆಳಗುತ್ತದೆ. ಊದಿದ ಗ್ರಂಥಿ, ಆದರೂ ಬೆಳಗದ ಚಿತ್ರ ಎಂದರೆ ಸಂಶಯ ಏತದ ಮೇಲೆಯೇ ಹೋಗಬೇಕು.

ಟೆಕ್ನೀಷಿಯಂ ಸ್ಕ್ಯಾನ್ ತೋರಿಸುವುದು ಗ್ರಂಥಿಯನ್ನಲ್ಲ, ಈ ಏತದ ಕೆಲಸವನ್ನು. ರಕ್ತನಾಳಕ್ಕೆ ಚುಚ್ಚುವ ಪರ್ಟೆಕ್ನಿಟೇಟ್ ಅಯಾನನ್ನು ಅಯೋಡೈಡೆಂದೇ ತಿಳಿದು ಎನ್.ಐ.ಎಸ್. ಒಳಗೆ ಎಳೆದುಕೊಳ್ಳುತ್ತದೆ, ಕ್ಯಾಮೆರಾ ಅದರ ವಿಕಿರಣವನ್ನು ಹಿಡಿಯುತ್ತದೆ. ಏತ ಮುರಿದಿದ್ದರೆ ಗ್ರಂಥಿ ಎಷ್ಟೇ ದೊಡ್ಡದಿದ್ದರೂ ಚಿತ್ರ ಖಾಲಿ. ಇದು ಸ್ಕ್ಯಾನ್ ಮಾಡುವ ಎಲ್ಲರೂ ಓದಿಕೊಂಡಿರುವ ವಿಷಯ. ಆದರೂ ಗ್ರಂಥಿಯಿಲ್ಲದೆ ಹುಟ್ಟುವ ಮಕ್ಕಳ ಮುಂದೆ ಈ ದೋಷ ಬಹಳ ಅಪರೂಪವಾದ್ದರಿಂದ, ಖಾಲಿ ಚಿತ್ರ ಕಂಡ ಕೂಡಲೇ ಕೈ ಹಳೆಯ ಸಾಲನ್ನೇ ಬರೆದುಬಿಡುತ್ತದೆ. ಅಂದು ಜೊತೆಯಲ್ಲಿ ಒಂದು ಅಲ್ಟ್ರಾಸೌಂಡ್ ಮಾಡಿದ್ದರೆ ಆ ಸಾಲು ಬರುತ್ತಿರಲಿಲ್ಲ.

ಹಳೆಯ ಫಿಲ್ಮ್ ಅದೇ ಪ್ಲಾಸ್ಟಿಕ್ ಚೀಲದಲ್ಲಿತ್ತು, ಅಂಚು ಬೂಷ್ಟು ಹಿಡಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕತ್ತು ಖಾಲಿ, ಅದು ಗೊತ್ತಿದ್ದದ್ದೇ. ನಾನು ಹುಡುಕಿದ್ದು ಅದಕ್ಕಿಂತ ಮೇಲಿನ ಜಾಗವನ್ನು. ಎನ್.ಐ.ಎಸ್. ಥೈರಾಯ್ಡಿನಲ್ಲಿ ಮಾತ್ರ ಇರುವುದಲ್ಲ. ಜೊಲ್ಲಿನ ಗ್ರಂಥಿಗಳಲ್ಲಿ, ಜಠರದ ಒಳಪದರದಲ್ಲಿ, ಹಾಲೂಡುವ ತಾಯಿಯ ಸ್ತನದಲ್ಲಿ ಕೂಡ ಇದೆ. ಆದ್ದರಿಂದ ನಿಜವಾಗಿ ಥೈರಾಯ್ಡ್ ಇಲ್ಲದ ಮಗುವಿನ ಚಿತ್ರದಲ್ಲೂ ಕೆನ್ನೆಯ ಎರಡು ಬದಿ, ದವಡೆಯ ಕೆಳಗೆ ಎರಡು ಬದಿ ಜೊಲ್ಲಿನ ಗ್ರಂಥಿಗಳು ಬೆಳಗಿರುತ್ತವೆ. ಈ ಫಿಲ್ಮಿನಲ್ಲಿ ಅವೂ ಇರಲಿಲ್ಲ. ಒಂದು ಮಗು ಥೈರಾಯ್ಡ್ ಇಲ್ಲದೆ ಹುಟ್ಟಬಹುದು. ಥೈರಾಯ್ಡೂ ಇಲ್ಲದೆ, ಜೊಲ್ಲಿನ ಗ್ರಂಥಿಗಳೂ ಇಲ್ಲದೆ, ಬಾಯಿ ಒಣಗದೆ, ಹಲ್ಲು ಹಾಳಾಗದೆ ಎಂಟು ವರ್ಷ ಇರುವುದನ್ನು ನಂಬುವುದು ಕಷ್ಟ. ಹುಡುಗಿಯ ಬಾಯಿ ಒದ್ದೆಯಾಗಿಯೇ ಇತ್ತು. ನಾಲ್ಕು ವರ್ಷದಿಂದ ಉತ್ತರ ಆ ಫಿಲ್ಮಿನಲ್ಲೇ ಇತ್ತು, ಯಾರೂ ಕತ್ತಿಗಿಂತ ಮೇಲೆ ನೋಡಿರಲಿಲ್ಲ.

ಬೇರೆ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ಮನೆಯಲ್ಲಿ ಮರಗೆಣಸು ತಿನ್ನುತ್ತಾರೆಯೇ ಎಂದು ಕೇಳಿದೆ; ಮಳೆಗಾಲದಲ್ಲಿ ವಾರಕ್ಕೆರಡು ಸಲ ತಿನ್ನುತ್ತಾರೆ. ಮರಗೆಣಸಿನ ಸಯನೈಡ್ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ, ಅಯೋಡೈಡಿನ ಜೊತೆ ಇದೇ ಏತಕ್ಕಾಗಿ ಪೈಪೋಟಿ ನಡೆಸುತ್ತದೆ ಎಂಬುದು ನಿಜ. ಆದರೆ ಅದರಿಂದ ತೊಂದರೆಯಾಗುವುದು ಅಯೋಡಿನ್ ಕಡಿಮೆಯಿರುವಲ್ಲಿ, ಮರಗೆಣಸೇ ಮುಖ್ಯ ಆಹಾರವಾದಲ್ಲಿ. ಈ ಮನೆಯಲ್ಲಿ ಅದನ್ನು ತುಂಡರಿಸಿ, ಬೇಯಿಸಿ, ನೀರು ಬಸಿದು ತಿನ್ನುತ್ತಾರೆ, ಮತ್ತು ಅದೇ ಊಟ ಮಾಡುವ ಬೇರೆ ಯಾರ ಕತ್ತೂ ಊದಿಲ್ಲ. ಅಡುಗೆಗೆ ಬಳಸುತ್ತಿದ್ದುದು ಅಯೋಡಿನ್ ಸೇರಿಸಿದ ಪ್ಯಾಕೆಟ್ ಉಪ್ಪು. ನಮ್ಮ ನಿಯಮದ ಪ್ರಕಾರ ಅಂಥ ಉಪ್ಪಿನಲ್ಲಿ ಮನೆ ತಲುಪುವ ಹೊತ್ತಿಗೂ ಕಿಲೋಗೆ 15 ಮಿಲಿಗ್ರಾಂ ಅಯೋಡಿನ್ ಉಳಿದಿರಬೇಕು. ಹುಡುಗಿಯ ಮೂತ್ರದಲ್ಲಿ ಅಯೋಡಿನ್ ಸಾಕಷ್ಟಿತ್ತು. ಊಟದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಅಯೋಡೈಡ್ ಹೋಗುತ್ತಿತ್ತು. ನಡುವೆ ಗ್ರಂಥಿ ಅದನ್ನು ಹಿಡಿಯುತ್ತಿರಲಿಲ್ಲ.

ಖಚಿತಪಡಿಸುವ ಪರೀಕ್ಷೆ ಹಳೆಯದು, ಸರಳವಾದದ್ದು. ವಿಕಿರಣಶೀಲ ಅಯೋಡೈಡಿನ ಅಲ್ಪ ಪ್ರಮಾಣವನ್ನು ಕುಡಿಸಿ, ಒಂದು ಗಂಟೆಯ ಮೇಲೆ ಒಂದೇ ಅಳತೆಯ ಜೊಲ್ಲನ್ನೂ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನೂ ತೆಗೆದು, ಎರಡರ ವಿಕಿರಣವನ್ನು ಎಣಿಸಿ ಹೋಲಿಸುವುದು. ಏತ ಸರಿಯಿದ್ದವರ ಜೊಲ್ಲಿನಲ್ಲಿ ಅದು ಪ್ಲಾಸ್ಮಾಕ್ಕಿಂತ ಇಪ್ಪತ್ತು ಪಟ್ಟು ಅಥವಾ ಇನ್ನೂ ಹೆಚ್ಚು ಇರುತ್ತದೆ. ಅದಕ್ಕೆ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗಬೇಕಿತ್ತು. ಕುಟುಂಬದ ಜೊತೆ ನಾನೂ ಹೋದೆ. ಹೊಸ ಜಾಗದ ಭಯಕ್ಕೆ ಹುಡುಗಿ ಬಾಯಿ ಬಿಗಿದು ಕೂತಿದ್ದಳು. ನಳಿಗೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಆಗ ಅಜ್ಜಿ ಅವಳ ಪಕ್ಕದಲ್ಲಿ ಕೂತು, ಭರಣಿಯಲ್ಲಿರುವ ಮಿಡಿ ಉಪ್ಪಿನಕಾಯಿಯ ಮಾತು ತೆಗೆದರು: ಈ ಸಲದ ಮಿಡಿ ಎಷ್ಟು ಹುಳಿ, ಕಚ್ಚಿದರೆ ಹಲ್ಲು ಹೇಗೆ ಚುಳ್ಳೆನ್ನುತ್ತದೆ, ಮೇಲೆ ನಿಂತ ರಸ ಎಷ್ಟು ಕೆಂಪು. ಎರಡು ನಿಮಿಷದಲ್ಲಿ ನಳಿಗೆಯಲ್ಲಿ ಬೇಕಾದಷ್ಟು ಜೊಲ್ಲು ಇತ್ತು. ಲೆಕ್ಕ ಬಂದಾಗ ಜೊಲ್ಲಿನ ಅಂಕಿಯೂ ಪ್ಲಾಸ್ಮಾದ ಅಂಕಿಯೂ ಹೆಚ್ಚುಕಡಿಮೆ ಒಂದೇ, ಪ್ರಮಾಣ 1.1. ಜೊಲ್ಲಿನ ಗ್ರಂಥಿಗಳು ಇದ್ದವು, ಜೊಲ್ಲೂ ಇತ್ತು, ಅಯೋಡೈಡನ್ನು ಎತ್ತುವ ಶಕ್ತಿ ಮಾತ್ರ ಇರಲಿಲ್ಲ.

ಆಮೇಲೆ ಮಾಡಿಸಿದ ವಂಶವಾಹಿ ಪರೀಕ್ಷೆಯಲ್ಲಿ, ಎನ್.ಐ.ಎಸ್. ತಯಾರಿಸುವ ಎಸ್.ಎಲ್.ಸಿ.5ಎ5 ಎಂಬ ವಂಶವಾಹಿಯ ಎರಡು ಪ್ರತಿಗಳಲ್ಲೂ ಒಂದೇ ಬದಲಾವಣೆ ಕಂಡಿತು. ತಂದೆಯಲ್ಲಿ ಬದಲಾದ ಒಂದು ಪ್ರತಿ, ತಾಯಿಯಲ್ಲಿ ಬದಲಾದ ಒಂದು ಪ್ರತಿ. ಈ ದೋಷದ ಮೊದಲ ರೋಗಿಯನ್ನು ವೈದ್ಯರು ವಿವರಿಸಿದ್ದು 1958ರಲ್ಲಿ. ಆದರೆ ಏತ ಯಾವುದೆಂದು ಕೈಗೆ ಸಿಕ್ಕಿದ್ದು 1996ರಲ್ಲಿ, ನ್ಯೂಯಾರ್ಕಿನಲ್ಲಿ ನ್ಯಾನ್ಸಿ ಕರಾಸ್ಕೊ ಅವರ ತಂಡ ಇಲಿಯ ಥೈರಾಯ್ಡ್ ಜೀವಕೋಶಗಳ ಸಂದೇಶ ಆರ್.ಎನ್.ಎ.ಯನ್ನು ಕಪ್ಪೆಯ ಮೊಟ್ಟೆಗಳಿಗೆ ಚುಚ್ಚಿ, ಅಯೋಡೈಡನ್ನು ಎಳೆದುಕೊಳ್ಳುವ ಗುಣ ಯಾವ ತುಣುಕಿನಿಂದ ಬರುತ್ತದೆಂದು ಶೋಧಿಸಿದಾಗ. ಮನುಷ್ಯರ ಎನ್.ಐ.ಎಸ್.ನಲ್ಲಿ 643 ಅಮೈನೋ ಆಮ್ಲಗಳಿವೆ. ಅದು ಜೀವಕೋಶದ ಪೊರೆಯನ್ನು ಹದಿಮೂರು ಸಲ ಹಾದುಹೋಗುವ ಹೊಲಿಗೆಯಂತಿದೆ. 1997ರಲ್ಲಿ ಜಪಾನಿನ ರೋಗಿಯೊಬ್ಬರಲ್ಲಿ 354ನೆಯ ಸ್ಥಾನದ ಥ್ರಿಯೊನಿನ್ ಬದಲು ಪ್ರೋಲಿನ್ ಕೂತದ್ದು ಗೊತ್ತಾಯಿತು: 643ರಲ್ಲಿ ಒಂದು ಬದಲಾದರೆ ಸಾಕು, ಸಾಗಣೆ ನಿಲ್ಲುತ್ತದೆ. ಇನ್ನು ಕೆಲವು ಬದಲಾವಣೆಗಳಲ್ಲಿ ಪ್ರೋಟೀನು ತಯಾರಾಗಿಯೂ ಗೋಡೆಯನ್ನು ತಲುಪದೆ ಒಳಗೇ ಉಳಿದುಬಿಡುತ್ತದೆ.

ಗ್ರಂಥಿ ಊದಿದ್ದು ಏಕೆಂದರೆ, ಹಾರ್ಮೋನು ಸಾಲದ್ದನ್ನು ತಿಳಿದ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿ.ಎಸ್.ಎಚ್. ಕಳುಹಿಸುತ್ತಲೇ ಇತ್ತು. ಟಿ.ಎಸ್.ಎಚ್. ಹೆಚ್ಚು ಏತಗಳನ್ನು ಮಾಡಿಸುತ್ತದೆ, ಅವುಗಳನ್ನು ಗೋಡೆಯಲ್ಲಿ ನಿಲ್ಲಿಸುತ್ತದೆ, ಜೀವಕೋಶಗಳನ್ನೂ ಹೆಚ್ಚಿಸುತ್ತದೆ. ಮಾಡಿದ ಏತಗಳೆಲ್ಲ ಮುರಿದವೇ ಆದಾಗ ಉಳಿಯುವುದು ಜೀವಕೋಶಗಳ ಹೆಚ್ಚಳ ಮಾತ್ರ. ಅಜ್ಜಿಗೆ ಇದನ್ನೇ ಹೇಳಿದೆ: ಗ್ರಂಥಿ ಇದೆ ಅಮ್ಮ, ಕೆಲಸ ಮಾಡಲು ಹೆಣಗಿ ಹೆಣಗಿ ಬೀಗಿದೆ.

ಚಿಕಿತ್ಸೆಯಲ್ಲಿ ಎರಡು ದಾರಿಗಳಿದ್ದವು. ಏತದಲ್ಲಿ ಸ್ವಲ್ಪವಾದರೂ ಶಕ್ತಿ ಉಳಿದಿರುವವರಿಗೆ ಅಯೋಡೈಡನ್ನೇ ಬಹಳ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ, ರಕ್ತದಲ್ಲಿ ಅದರ ಮಟ್ಟ ಏರಿ ಒಂದಷ್ಟು ಒಳಗೆ ಸೇರುತ್ತದೆ, ಗ್ರಂಥಿ ತನ್ನ ಹಾರ್ಮೋನನ್ನು ತಾನೇ ಮಾಡಿಕೊಳ್ಳುತ್ತದೆ. ಈ ದಾರಿ ನನ್ನನ್ನು ಸೆಳೆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಈ ಮಗು ಇನ್ನೊಂದು ತಿಂಗಳನ್ನೂ ಕಳೆದುಕೊಳ್ಳುವಂತಿರಲಿಲ್ಲ, ಜೊಲ್ಲು-ಪ್ಲಾಸ್ಮಾಗಳ ಪ್ರಮಾಣ 1.1 ಇದ್ದಲ್ಲಿ ಹೆಚ್ಚಿನ ಶಕ್ತಿ ಉಳಿದಿರುವ ನಂಬಿಕೆಯೂ ಇರಲಿಲ್ಲ. ಆದ್ದರಿಂದ ಹಾರ್ಮೋನನ್ನೇ ಕೊಡುವ ಇನ್ನೊಂದು ದಾರಿಯನ್ನು, ಅಂದರೆ ಲೆವೊಥೈರಾಕ್ಸಿನ್ (ಥೈರಾಕ್ಸಿನ್) ಮಾತ್ರೆಯನ್ನೇ ಆರಿಸಿದೆ. ಬಹುಕಾಲ ಹಾರ್ಮೋನಿಲ್ಲದ ಹೃದಯಕ್ಕೆ ಒಮ್ಮೆಲೇ ಭಾರ ಬೀಳದಂತೆ 25 ಮೈಕ್ರೋಗ್ರಾಮಿನಿಂದ ಆರಂಭಿಸಿ, ಕೆಲವು ವಾರಗಳಲ್ಲಿ 75ಕ್ಕೆ ಏರಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ, ಅರ್ಧ ಗಂಟೆ ಕಳೆದ ಮೇಲೆ ದೋಸೆಯೋ ಗಂಜಿಯೋ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದು ಸಂಜೆಗೆ. ಮಳೆಗಾಲದ ತೇವಕ್ಕೆ ಕೆಡದಂತೆ ಮಾತ್ರೆಗಳು ಪಟ್ಟಿಯಲ್ಲೇ ಇರಬೇಕು, ಮತ್ತು ಜೂನ್ ಬರುವ ಮೊದಲೇ ಮೂರು ತಿಂಗಳಿಗೆ ಆಗುವಷ್ಟು ತಂದಿಡಬೇಕು ಎಂದು ತಂದೆಗೆ ಹೇಳಿದೆ.

ಒಂದು ವರ್ಷದಲ್ಲಿ ಅವಳು 10 ಸೆಂ.ಮೀ. ಬೆಳೆದಳು. ಟಿ.ಎಸ್.ಎಚ್. ಸಹಜ ಮಟ್ಟಕ್ಕೆ ಬಂತು, ಅದರ ಒತ್ತಡ ತಗ್ಗಿದಂತೆ ಗ್ರಂಥಿ 19ರಿಂದ 8 ಮಿ.ಲೀ.ಗೆ ಇಳಿಯಿತು. ಕನ್ನಡ ಶಾಲೆಯಲ್ಲಿ ತನಗಿಂತ ಎರಡು ವರ್ಷ ಚಿಕ್ಕವರ ಜೊತೆ ಕೂರುತ್ತಾಳೆ. ಓದುತ್ತಾಳೆ, ಕೂಡುವ ಲೆಕ್ಕ ಮಾಡುತ್ತಾಳೆ, ಕಳೆಯುವ ಲೆಕ್ಕದಲ್ಲಿ ತಡವರಿಸುತ್ತಾಳೆ. ಮೊದಲ ವರ್ಷಗಳಲ್ಲಿ ಹೋದದ್ದೆಲ್ಲ ಮರಳಿ ಬರುವುದಿಲ್ಲವೆಂದು ಹೆತ್ತವರಿಗೆ ಹೇಳಬೇಕಾಯಿತು, ಹೇಳಿದೆ. ತಮ್ಮನ ರಕ್ತವನ್ನೂ ಪರೀಕ್ಷಿಸಿದೆವು. ಅವನು ಬದಲಾದ ಒಂದು ಪ್ರತಿಯನ್ನು ಮಾತ್ರ ಹೊತ್ತವನು, ಆರೋಗ್ಯವಾಗಿದ್ದಾನೆ. ಈ ದಂಪತಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ದೋಷ ಬರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಮುಂದೆ ಮಗುವಾದರೆ ಮೂರನೆಯ ದಿನವೇ ಟಿ.ಎಸ್.ಎಚ್. ನೋಡಬೇಕೆಂದು ಬರೆದುಕೊಟ್ಟಿದ್ದೇನೆ. ಹುಡುಗಿ ದೊಡ್ಡವಳಾಗಿ ತಾಯಿಯಾದಾಗ ನೆನಪಿಡಬೇಕಾದ ಒಂದು ಮಾತೂ ಇದೆ: ಎದೆಹಾಲಿಗೆ ಅಯೋಡೈಡ್ ತುಂಬುವುದೂ ಇದೇ ಏತವಾದ್ದರಿಂದ ಅವಳ ಹಾಲಿನಲ್ಲಿ ಅದು ಕಡಿಮೆಯಿರಬಹುದು, ಮಗುವಿಗೆ ಬೇರೆಯಾಗಿ ಕೊಡಬೇಕಾಗಬಹುದು.

ಈ ಮಾತನ್ನು ಅವಳ ಕಡತದ ಮೊದಲ ಪುಟದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿದ್ದೇನೆ. ಗಡಿಯ ಆಚೆಈಚೆ ಎಲ್ಲಿ ತೋರಿಸಿದರೂ ಓದುವವರಿಗೆ ಸಿಗಲಿ ಎಂದು. ಅದರ ಮೇಲಿನ ಸಾಲು, "ಥೈರಾಯ್ಡ್ ಗ್ರಂಥಿ ಇದೆ, ಅಯೋಡೈಡ್ ಒಳಗೆ ಬರುವುದಿಲ್ಲ, ಮಾತ್ರೆ ಜೀವನಪರ್ಯಂತ." ಕಳೆದ ಸಲ ಬಂದಾಗ ಹುಡುಗಿ ಆ ಸಾಲನ್ನು ಬೆರಳಿಟ್ಟು ತಾನೇ ಓದಿದಳು, "ಪರ್ಯಂತ" ಎಂಬಲ್ಲಿ ಮಾತ್ರ ಅಜ್ಜಿ ನೆರವಾಗಬೇಕಾಯಿತು.